ಬೆನ್ನ ಮೇಲಿನ ಅಂಗೈ

ಇಸ್ಟ್ರಿಯಾ ಸೀಮೆಯಲ್ಲಿ ಹಳಿ ಕಿತ್ತ ಹಳೆಯ ರೈಲುದಾರಿಯಲ್ಲಿ ನಾನು ಸೈಕಲ್ ಸವಾರರನ್ನು ಕರೆದೊಯ್ಯುತ್ತೇನೆ. ಹೊಸಬರಿಗೆ ಅದೇ ಸುಲಭದ ದಾರಿ. ಸುರಂಗದಲ್ಲಿ ಮಾತ್ರ ಎಲ್ಲರಿಗಿಂತ ನಿಧಾನದವರ ಹಿಂದೆ ನಾನಿರಬೇಕು. ಅಂದು ಮುದುಕಿ ನೆವೆಂಕಾಳ ಆಮೆನಡಿಗೆಗೆ ಬೇಸತ್ತು, ಪಡ್ಡೆ ಹುಡುಗರ ಜೊತೆ ಮುಂದೆ ಹೋಗಿಬಿಟ್ಟೆ. ಆಚೆ ಬಿಸಿಲಲ್ಲಿ ಕಾಯುತ್ತಿದ್ದಾಗ ಸುರಂಗದೊಳಗಿಂದ ತಣ್ಣನೆ ಗಾಳಿ, ಉರಿದ ಕಲ್ಲಿದ್ದಲಿನ ವಾಸನೆ ಬಂತು.

ನೆವೆಂಕಾ ಹೊರಬಂದವಳೇ ಕಣ್ಣರಳಿಸಿದಳು. “ಜ್ವಾನೆ, ಯಾವಾಗಪ್ಪಾ ಮುಂದೆ ಬಂದೆ? ಕತ್ತಲಲ್ಲಿ ಬೆನ್ನಿಗೆ ಕೈ ಕೊಟ್ಟು ತಳ್ಕೊಂಡು ಬಂದ್ಯಲ್ಲ, ನಿನ್ ಹೊಟ್ಟೆ ತಣ್ಣಗಿರ್ಲಿ! ಕೈಯಂತೂ ಮಂಜುಗಡ್ಡೆ!”

ಹುಡುಗರು ನನ್ನ ಮುಖ ನೋಡಿದರು.

“ಅದು ನನ್ ಕೆಲ್ಸ ತಾನೇ ಅಮ್ಮಾ,” ಎಂದುಬಿಟ್ಟೆ.

ಆಕೆ ತಿರುಗಿದಳು. ಬಿಳಿ ಅಂಗಿಯ ಬೆನ್ನ ಮೇಲೆ ಮಸಿಯ ಅಂಗೈ ಗುರುತಿತ್ತು. ಅದಕ್ಕೆ ಉಂಗುರದ ಬೆರಳೇ ಇರಲಿಲ್ಲ.

ನಾನು ಐದೂ ಬೆರಳುಗಳನ್ನು ಜೇಬಿಗೆ ತುರುಕಿಕೊಂಡೆ.