ಐಲಿ ಅಜ್ಜಿಯ ಬೆನ್ನಿನ ಪಟ್ಟಿ

2019ರ ಫೆಬ್ರವರಿ 13, ಬುಧವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಅಮೆರಿಕದ ಡುಲುತ್ ಊರಿನ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಮುಖ್ಯ ನರ್ಸ್ ಬೆರಿಟ್ ಸ್ಕೋಗ್ಲಂಡ್ ರೋಗಿಯೊಬ್ಬಳ ಹೊದಿಕೆಯನ್ನು ಕಾಲಿನ ಕಡೆಯಿಂದ ಎತ್ತಿದಳು.

ಮಂಚದ ಮೇಲಿದ್ದವಳು ಐಲಿ ಕಂಗಾಸ್. ಎಂಬತ್ತು ದಾಟಿದ ಮುದುಕಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮರೆವಿನ ಕಾಯಿಲೆ ಅವಳ ಮಾತನ್ನು ಎಂದೋ ತಿಂದುಹಾಕಿತ್ತು. ಎಲ್ಲಿ ನೋವು ಎಂದು ಕೇಳಿದರೆ ಕೇಳಿದವರ ಕೈ ಸವರುತ್ತಿದ್ದಳು, ಅಷ್ಟೆ. ಈಗ ಮುಖ ಶಾಂತವಾಗಿತ್ತು. ಹುಬ್ಬು ಗಂಟಿಕ್ಕಿರಲಿಲ್ಲ.

ಪಾದಗಳು ಬೇರೆಯೇ ಹೇಳುತ್ತಿದ್ದವು. ಬೆರಳುಗಳು ಮುಷ್ಟಿಯಂತೆ ಒಳಕ್ಕೆ ಬಿಗಿದಿದ್ದವು. ಹಾಸಿಗೆಗೆ ಉಜ್ಜಿ ಉಜ್ಜಿ ಒಂದು ಹಿಮ್ಮಡಿಯ ಚರ್ಮ ಸುಲಿದು ರಕ್ತ ಜಿನುಗಿತ್ತು.

"ಇದು ನಿದ್ದೆ ಅಲ್ಲ," ಎಂದಳು ಬೆರಿಟ್. "ಮುಖಕ್ಕೆ ಮಂಪರು ಹಿಡಿಸಿದ್ದೀರಿ. ನೋವು ಕಾಲಿಗೆ ಇಳಿದಿದೆ."

ಬಾಗಿಲಲ್ಲಿ ನಿಂತಿದ್ದ ಕಿರಿಯ ನರ್ಸ್ ವೆಂಡೆಲ್ ತಡವರಿಸಿದ. "ನಿನ್ನೆ ಬೆಳಿಗ್ಗೆಯಿಂದ ಅಮ್ಮಾ ಅಮ್ಮಾ ಅಂತ ಅವ್ರ ಭಾಷೇಲಿ ಕೂಗ್ತಿದ್ರು ಸಿಸ್ಟರ್. ಅದು ನೋವಲ್ಲ, ಕಾಯಿಲೆ ಕೂಗು ಅಂದ್ರು ಕೊರಿನ್. ಮಂಪರಿನ ಔಷಧಿ ಕೊಟ್ವಿ."

ಕೊರಿನ್ ಡ್ಯುಫೋ ಆ ವಾರ್ಡಿನ ಹಿರಿಯ ನರ್ಸ್. ಮಾತಿಲ್ಲದವರ ನೋವನ್ನು ಓದುವುದು ಹೇಗೆಂದು ಇಡೀ ಆಸ್ಪತ್ರೆಗೆ ಪಾಠ ಹೇಳುವವಳು. ಅವಳು ನೋವಲ್ಲ ಎಂದರೆ ಎದುರಾಡುವವರಿರಲಿಲ್ಲ.

"ಬೆನ್ನಿನ ಪಟ್ಟಿ?"

"ಸೋಮವಾರ ಮಧ್ಯಾಹ್ನ ಹೊಸದು ಹಾಕಿದ್ದು."

ಫೆಂಟನಿಲ್ ಪಟ್ಟಿ. ಚರ್ಮದ ಮೂಲಕ ಮೂರು ದಿನ ನಿಧಾನವಾಗಿ ಒಳಗಿಳಿಯುವ ನೋವಿನ ಔಷಧಿ. ಇಂಥ ರೋಗಿಗಳು ಕಿತ್ತುಕೊಳ್ಳದಿರಲೆಂದು ಅದನ್ನು ಕೈಗೆಟುಕದ ಹಾಗೆ ಬೆನ್ನಿಗೆ ಅಂಟಿಸುತ್ತಾರೆ.

"ತಿರುಗಿಸೋಣ."

"ಬೇಡ ಸಿಸ್ಟರ್, ಜೀವ ಹೋಗೋಷ್ಟು ನೋವಾಗುತ್ತೆ ಅವ್ರಿಗೆ."

"ಗೊತ್ತು. ಹಿಡ್ಕೋ."

ಐಲಿ ಕೂಗಲಿಲ್ಲ. ಉಸಿರು ಬಿಗಿಹಿಡಿದಳು. ವೆಂಡೆಲ್‌ನ ಮಣಿಕಟ್ಟಿಗೆ ಉಗುರು ಇಳಿಸಿದಳು. ಬೆನ್ನಿನ ಮೇಲೆ ಪಟ್ಟಿ ಇತ್ತು. ಅದರ ಮೇಲೆ ಅಂಟಿಸಿದ ಪಾರದರ್ಶಕ ಹಾಳೆ, ಹಾಳೆಯ ಮೇಲೆ ಸೋಮವಾರದ ತಾರೀಖು. ಎಲ್ಲ ಸರಿಯಾಗಿತ್ತು.

ಪಟ್ಟಿಯ ನಡುವೆ ಮಾತ್ರ ಒಂದು ನೇರ ಗೆರೆ. ಮಡಿಸಿ ಬಿಡಿಸಿದ ಗುರುತು.

* * *

"ಮಗನ್ನ ನೋಡಿ ಸಿಸ್ಟರ್," ವೆಂಡೆಲ್ ಪಿಸುಗುಟ್ಟಿದ. "ನೋವಿನ ಮಾತ್ರೆ ಚಟ ಇದ್ದೋನು. ದಿನಾ ಅವ್ರ ಬೆನ್ನು ಸವರ್ತಾ ಕೂರ್ತಾನೆ."

ರೈನೊ ಕಂಗಾಸ್ ಕಾರಿಡಾರಿನಲ್ಲಿ ಟೋಪಿ ಹಿಂಡುತ್ತ ನಿಂತಿದ್ದ. ಅದಿರು ತುಂಬುವ ಬಂದರಿನಲ್ಲಿ ಕೆಲಸ.

"ಮಾತ್ರೆ ಬಿಟ್ಟು ಆರು ವರ್ಷ ಆಯ್ತು," ಎಂದ. "ಅನುಮಾನ ಪಡಿ ಪರವಾಗಿಲ್ಲ, ನಂಗೆ ಅಭ್ಯಾಸ ಇದೆ. ಮೊದ್ಲು ನಮ್ಮಮ್ಮಂಗೆ ಏನಾದ್ರೂ ಕೊಡಿ."

"ಸೋಮವಾರ ಹೇಗಿದ್ರು?"

"ಚೆನ್ನಾಗೇ ಇದ್ಲು. ಮಧ್ಯಾಹ್ನದಿಂದ ರಾತ್ರಿವರೆಗೂ ಇಲ್ಲೇ ಇದ್ದೆ. ಏಲಕ್ಕಿ ಬ್ರೆಡ್ಡು ಕಾಫೀಗೆ ಅದ್ದಿ ಕೊಟ್ಟೆ, ತಿಂದ್ಲು. ಒಂದ್ಸಲಾನೂ ಕೂಗ್ಲಿಲ್ಲ."

ಬೆರಿಟ್ ವೆಂಡೆಲ್‌ನತ್ತ ತಿರುಗಿದಳು. "ಕೊರಿನ್ ಪಟ್ಟಿ ಬದಲಾಯಿಸುವಾಗ ಸಾಕ್ಷಿಗೆ ನೀನಿದ್ದೆ. ಕಣ್ಣಾರೆ ನೋಡಿದೆಯಾ?"

"ಬಾಗಿಲಲ್ಲಿದ್ದೆ. ನಿನಗೆ ತೋರಿಸೋಕೆ ಅಂತ ಪಾಪ ಇನ್ನೊಂದ್ಸಲ ತಿರುಗಿಸೋದ್ಯಾಕೆ, ಅಲ್ಲೇ ನಿಲ್ಲು ಅಂದ್ರು ಕೊರಿನ್." ಅವನ ಮುಖ ಕೆಂಪಾಯಿತು. "ಸೊಂಟ ಮುರಿದವ್ರ ವಿಷಯದಲ್ಲಿ ನಾವೆಲ್ಲ ಹಾಗೇ ಮಾಡೋದು ಸಿಸ್ಟರ್."

ಅದು ನಿಜವಾಗಿತ್ತು. ಕರುಣೆಯ ಹೆಸರಿನಲ್ಲಿ ಆ ವಾರ್ಡಿನಲ್ಲಿ ಎರಡನೆಯವರು ಯಾರೂ ರೋಗಿಯ ಬೆನ್ನು ನೋಡುತ್ತಿರಲಿಲ್ಲ.

ಬೆರಿಟ್ ಐಲಿಯನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಪ್ರುಡೋಮ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು. ಮಂಪರಿನ ಔಷಧಿ ಬೇಕೆಂದು ಕೇಳಿದ್ದು ಯಾವಾಗ?

"ಸೋಮವಾರ ಸಂಜೆ," ಎಂದರು ಡಾಕ್ಟರ್. "ಅಜ್ಜಿ ತುಂಬ ಕೂಗಾಡ್ತಿದ್ದಾಳೆ ಅಂತ ಕೊರಿನ್ ಫೋನ್ ಮಾಡಿದ್ಲು. ಯಾಕೆ?"

* * *

ಕೊರಿನ್ ನರ್ಸುಗಳ ಕೋಣೆಯಲ್ಲಿ ಕಾಫಿ ಕಲಕುತ್ತಿದ್ದಳು. ಬೆರಿಟ್ ಹಿಂದೆ ಕಾವಲುಗಾರ ನಿಂತಿದ್ದನ್ನು ನೋಡಿ ನಕ್ಕಳು.

"ಏನಮ್ಮ, ಮೆರವಣಿಗೆ ಬಂದಿದ್ದೀಯ?"

"ಹಳೇ ಪಟ್ಟಿ ತೆಗೆದ ಕೂಡಲೇ ನಾವು ಅಂಟು ಒಳಗೆ ಮಾಡಿ ಎರಡಾಗಿ ಮಡಿಸಿ ಎಸೀತೀವಿ," ಎಂದಳು ಬೆರಿಟ್. "ಹೊಸ ಪಟ್ಟಿಗೆ ಮಡಿಕೆ ಇರಲ್ಲ. ಐಲಿ ಬೆನ್ನ ಮೇಲಿರೋದು ಎಸೀಬೇಕಾಗಿದ್ದ ಪಟ್ಟಿ. ಅಂಟು ಹೋಗಿತ್ತು, ಹಾಳೆ ಹಿಡಿದಿಟ್ಟಿತ್ತು. ಮಡಿಸಿದ ಪಟ್ಟಿ ಮಗನ ಕೈಗೆ ಸಿಗಲ್ಲ. ವೆಂಡೆಲ್ ಬಾಗಿಲಲ್ಲಿದ್ದ."

"ಆಮೇಲೆ ವೆಂಡೆಲ್ಲೇ ಬದಲಾಯಿಸಿರಬಹುದು."

"ಇರಬಹುದಿತ್ತು. ಆದ್ರೆ ಪಟ್ಟಿ ಕಿತ್ತ ಮೇಲೂ ಚರ್ಮದಡಿ ಉಳಿದ ಔಷಧಿ ಅರ್ಧ ದಿನ ಕೆಲಸ ಮಾಡುತ್ತೆ. ಐಲಿ ಕೂಗಿದ್ದು ಮಂಗಳವಾರ ಬೆಳಿಗ್ಗೆ. ನೀನು ಆ ಕೂಗಿಗೆ ಔಷಧಿ ಕೇಳಿದ್ದು ಸೋಮವಾರ ಸಂಜೆ. ಆಗ ಅವಳು ಮಗನ ಕೈಯಿಂದ ಬ್ರೆಡ್ ತಿಂತಿದ್ಲು. ನಾಳೆ ನೋವು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು, ಕೊರಿನ್?"

ಚಮಚ ನಿಂತಿತು. ಕೊರಿನ್ ಅಂಗಿಯ ಕೊರಳನ್ನು ಪಕ್ಕಕ್ಕೆ ಎಳೆದಳು. ಹೆಗಲ ಮೇಲೆ ಹೊಸ ಪಟ್ಟಿ, ಗೆರೆಯಿಲ್ಲದ್ದು.

"ಇವ್ರನ್ನೆಲ್ಲ ಎತ್ತಿ ಇಳಿಸಿ ನನ್ನ ಬೆನ್ನು ಹೋಯ್ತು. ಡಾಕ್ಟರ ಹತ್ರ ಬೇಡಿದೆ. ವ್ಯಾಯಾಮ ಮಾಡು ಅಂದ್ರು."

"ನಿನಗೆ ಬೇಡೋಕಾದ್ರೂ ಬಾಯಿತ್ತು. ಬಾಯಿಲ್ಲದೋಳನ್ನ ಆರಿಸಿಕೊಂಡೆ."

"ಅವಳಿಗೆ ನೆನಪಿರಲ್ಲ ಬೆರಿಟ್." ಕೊರಿನ್‌ಳ ದನಿ ಪಾಠ ಹೇಳುವಾಗಿನಷ್ಟೇ ತಣ್ಣಗಿತ್ತು. "ನಿನ್ನೆ ನೋವಾಗಿದ್ದು ಇವತ್ತು ಅವಳಿಗೆ ಗೊತ್ತಿಲ್ಲ. ನನ್ನದು ನನಗೆ ಪ್ರತಿ ದಿನ ನೆನಪಿರುತ್ತೆ. ಪಟ್ಟಿ ವ್ಯರ್ಥ ಆಗಿದ್ದು ಯಾರ ಮೈಮೇಲಿದ್ದಾಗ, ನೀನೇ ಹೇಳು."

ಕಾವಲುಗಾರ ಅವಳ ತೋಳು ಹಿಡಿದ. ಎದ್ದು ನಿಲ್ಲುವಾಗ ಅವಳ ಮುಖದಲ್ಲಿ ನೋವಿನ ಒಂದು ಗುರುತೂ ಇರಲಿಲ್ಲ.

* * *

ಐಲಿಗೆ ಹೊಸ ಪಟ್ಟಿ ಹಾಕಿದರು. ಅದು ಮೈಗೆ ಹತ್ತಲು ಅರ್ಧ ದಿನ ಬೇಕು. ಅಲ್ಲಿಯವರೆಗೆ ಇಂಜೆಕ್ಷನ್ ಕೊಡಬಹುದಿತ್ತು. ಆದರೆ ಕೊರಿನ್ ಕೇಳಿ ತರಿಸಿದ ಮಂಪರು ಇನ್ನೂ ರಕ್ತದಲ್ಲಿತ್ತು. ಪೂರ್ತಿ ಕೊಟ್ಟರೆ ಉಸಿರು ನಿಲ್ಲಬಹುದು, ಕಾಲು ಭಾಗವಷ್ಟೇ ಎಂದರು ಡಾಕ್ಟರ್.

"ಅಷ್ಟೇನಾ?" ಎಂದ ರೈನೊ.

"ಸದ್ಯಕ್ಕೆ ಅಷ್ಟೇ ಅಪ್ಪ," ಎಂದಳು ಬೆರಿಟ್.

ಮಂಪರು ಇಳಿಯುತ್ತಿದ್ದಂತೆ ಮುಖ ಎಚ್ಚೆತ್ತಿತು. ಹುಬ್ಬು ಗಂಟಿಕ್ಕಿತು. ಐಲಿ ಅಮ್ಮನನ್ನು ಕರೆಯತೊಡಗಿದಳು. ಮಗ ಕೈ ಹಿಡಿದರೂ ನಿಲ್ಲಿಸಲಿಲ್ಲ.

ಅರ್ಧ ಗಂಟೆ ಬಿಟ್ಟು ಬೆರಿಟ್ ನೋವನ್ನು ಅಳೆದಳು. ಉಸಿರು, ದನಿ, ಮುಖ, ಮೈ, ಸಮಾಧಾನ. ನೋವು ಹೆಚ್ಚಿದಂತೆ ಅಂಕ ಹೆಚ್ಚು, ಒಂದೊಂದಕ್ಕೂ ಹೆಚ್ಚೆಂದರೆ ಎರಡು. ಒಟ್ಟು ಹತ್ತಕ್ಕೆ ಒಂಬತ್ತು.