ಬಿಳಿ ಬಟ್ಟೆಯಿಲ್ಲದ ಕ್ರಿಸ್ಮಸ್

ಆ ವರ್ಷ ಕ್ರಿಸ್ಮಸ್ ಇದ್ದದ್ದು ಮಂಜು ಕರಗುವವರೆಗೆ ಮಾತ್ರ. ಊರಿನ ಪಾದ್ರಿ ಹಿಂದಿನ ಭಾನುವಾರವೇ ಹಾಗೆಂದು ಹೇಳಿಬಿಟ್ಟಿದ್ದರು. ಬೆಳಗಿನ ಆರರಿಂದ ಒಂಬತ್ತು, ಬಹಳವೆಂದರೆ ಒಂಬತ್ತೂವರೆ. ಅಷ್ಟರೊಳಗೆ ಒಲೆ ಹಚ್ಚಬೇಕು, ಹಾಡಬೇಕು, ಪ್ರಾರ್ಥನೆ ಮಾಡಬೇಕು, ಉಣ್ಣಬೇಕು, ಬೆಂಕಿಯನ್ನೂ ಆರಿಸಬೇಕು. ಮಂಜು ಹೋದರೆ ಹೊಗೆ ಕಾಣುತ್ತದೆ. ಹೊಗೆ ಕಂಡರೆ ಡ್ರೋನ್ ಬರುತ್ತದೆ, ಅದರ ಹಿಂದೆಯೇ ವಿಮಾನ. ಯೇಸುಸ್ವಾಮಿ ಹುಟ್ಟುವುದಿದ್ದರೂ ಮಂಜಿನೊಳಗೇ ಹುಟ್ಟಿ ಮುಗಿಸಬೇಕಾಯಿತಲ್ಲ ಎಂದು ಮುದುಕಿಯರು ಗೊಣಗಿದರು. ಗೊಣಗುತ್ತಲೇ ಬಾಳೆಲೆಯಲ್ಲಿ ನಕ್ಷತ್ರ ಮಾಡಿ ಬಿದಿರಿನ ಮೆಳೆಯ ಕೆಳಗೆ ತೂಗುಹಾಕಿದರು. ಮೇಲಿನಿಂದ ಎದ್ದು ಕಾಣುವ ಕಾಗದದ ನಕ್ಷತ್ರಕ್ಕೆ ಈಗ ಯಾರೂ ಕೈ ಹಾಕುತ್ತಿರಲಿಲ್ಲ.

ಸಾಲ್ವೀನ್ ನದಿಯ ಆಚೆ ಬೆಟ್ಟದಿಂದ ಸರ್ಕಾರದ ಪಡೆಯ ವಿರುದ್ಧ ಹೋರಾಡುತ್ತಿದ್ದ ಹನ್ನೆರಡು ಜನ ಕರೆನ್ ಬುಡಕಟ್ಟಿನ ಸೈನಿಕರು ಇಳಿದು ಬಂದರು. ಸಾಲಿನ ಕೊನೆಯಲ್ಲಿದ್ದವನು ಲೇರ್ತೂ. ಹಳೆಯ ಊರು ಸುಟ್ಟುಹೋಗಿ, ಜನ ಈ ಕೊರಕಲಿಗೆ ಬಂದು ಗುಡಿಸಲು ಕಟ್ಟಿಕೊಂಡ ಮೇಲೆ ಅವನು ಬರುತ್ತಿರುವುದು ಇದೇ ಮೊದಲು. ಮೂರು ವರ್ಷ ಅವನ ತುಕಡಿ ದಕ್ಷಿಣದ ಕಾಡುಗಳಲ್ಲಿತ್ತು. ಅಲ್ಲಿಗೆ ಪತ್ರವಿಲ್ಲ, ಫೋನಿಲ್ಲ.

ದಾರಿಯುದ್ದಕ್ಕೂ ತಮ್ಲಾ ಅವನ ಪ್ರಾಣ ತಿಂದಿದ್ದ. ಒಂದೇ ಬೋಗುಣಿಯಲ್ಲಿ ಉಂಡು, ಒಂದೇ ಕಂಬಳಿ ಹೊದ್ದ ಗೆಳೆಯ. ಅವನಿಗೆ ಗೊತ್ತಿಲ್ಲದ್ದು ಏನಿದೆ. ಬಿಳಿ ಅಂಗಿ ಕಾಣಿಸಿತಾ, ಮಂಜೂ ಬಿಳಿ, ಅಂಗಿಯೂ ಬಿಳಿ, ಹೇಗೆ ಹುಡುಕುತ್ತೀಯೋ ನೋಡೋಣ ಎಂದು ಹತ್ತು ಹೆಜ್ಜೆಗೊಮ್ಮೆ ಕೆಣಕುತ್ತಿದ್ದ. ಲೇರ್ತೂ ನಗಬೇಕಾದ ಕಡೆ ನಕ್ಕಿದ್ದ. ನಗುವುದು ಈಗೀಗ ಬೂಟಿನ ಲೇಸು ಕಟ್ಟಿದಷ್ಟೇ ರೂಢಿಯ ಕೆಲಸವಾಗಿತ್ತು.

ಬಿಳಿ ಅಂಗಿಯ ಮಾತು ಪೋಶೀಯದು. ಮೂರು ವರ್ಷದ ಹಿಂದೆ ಇದೇ ತಿಂಗಳು ಅವಳು ಮಗ್ಗದ ಮುಂದೆ ಕೂತು ತನ್ನ ನಿಲುವಂಗಿಗೆ ಬಟ್ಟೆ ನೇಯುತ್ತಿದ್ದಳು. ಕರೆನ್ ಹುಡುಗಿಯರು ಮದುವೆಯವರೆಗೂ ತೊಡುವುದು ಅದನ್ನೇ, ಪಾದ ಮುಟ್ಟುವ ಬಿಳಿ ನಿಲುವಂಗಿ. ಮದುವೆಯಾದ ಮೇಲೆ ಕಪ್ಪು ಕುಪ್ಪಸ, ಕೆಂಪು ಲುಂಗಿ. ಯಾರನ್ನು ನೋಡಿ ನಗಬಹುದು, ಯಾರ ಮುಂದೆ ತಲೆ ತಗ್ಗಿಸಬೇಕು ಎಂಬುದು ಗಂಡಸರಿಗೆ ದೂರದಿಂದಲೇ ತಿಳಿಯುತ್ತದೆ. ತಾನು ಬರುವವರೆಗೆ ಕಾಯುತ್ತೀಯಾ ಎಂದು ಲೇರ್ತೂ ತಡವರಿಸುತ್ತ ಕೇಳಿದಾಗ ಅವಳು ಲಾಳಿ ನಿಲ್ಲಿಸಿರಲಿಲ್ಲ. ಓರೆಗಣ್ಣಿನಿಂದ ಒಮ್ಮೆ ನೋಡಿ, "ನೀನು ಬಂದಾಗ ನಾನು ಬಿಳಿಯಲ್ಲಿದ್ರೆ ಕೇಳು. ಇಲ್ದಿದ್ರೆ ಊಟ ಮಾಡ್ಕೊಂಡು ಹೋಗು" ಎಂದಿದ್ದಳು. ತುಟಿಯ ಒಂದು ಕೊನೆ ಮಾತ್ರ ನಕ್ಕಿತ್ತು. ಆ ಅರ್ಧ ನಗುವನ್ನು ಜೇಬಿನಲ್ಲಿಟ್ಟುಕೊಂಡು ಅವನು ಯುದ್ಧಕ್ಕೆ ಹೋಗಿದ್ದ.

ಒಲೆಯ ಹತ್ತಿರ ಸಾಲು ನಿಂತಿತು. ಹಂಡೆಯ ತುಂಬ ಕಳಲೆ, ಕುಂಬಳಕಾಯಿ, ಹಂದಿಮಾಂಸ ಹಾಕಿ ಬೇಯಿಸಿದ ಅಕ್ಕಿಗಂಜಿ ಕುದಿಯುತ್ತಿತ್ತು. ಹಬೆಯೂ ಮಂಜೂ ಕಲೆತು ಬಡಿಸುವವರ ಮುಖ ಕಾಣುತ್ತಿರಲಿಲ್ಲ. ಲೇರ್ತೂ ತನ್ನ ಅಲ್ಯೂಮಿನಿಯಂ ಬಟ್ಟಲನ್ನು ಮುಂದೆ ಚಾಚಿದ. ಸೌಟು ಹಿಡಿದ ಕೈ ಒಂದು ಕ್ಷಣ ನಿಂತಿತು. ಅವನು ತಲೆಯೆತ್ತಿದ.

ಪೋಶೀ. ಸ್ವಲ್ಪ ಸೊರಗಿದ್ದಳು. ಹಣೆಯ ಮೇಲೆ ಅದೇ ಹಟಮಾರಿ ಕೂದಲೆಳೆ. ಮೈಮೇಲೆ ಕಪ್ಪು ಕುಪ್ಪಸ, ಕೆಂಪು ಲುಂಗಿ.

"ಬಂದ್ಯಾ?" ಎಂದಳು.

"ಬಂದೆ."

ಅವಳು ಬಟ್ಟಲು ತುಂಬಿಸಿದಳು. ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

ಉಳಿದವರೆಲ್ಲ ಬಟ್ಟಲನ್ನು ನೆಲಕ್ಕಿಟ್ಟು ಊದುತ್ತಿದ್ದರು. ಅವನು ಅಂಗೈಯಲ್ಲೇ ಹಿಡಿದು ನಿಂತಿದ್ದ. "ಕೆಳಗಿಡೋ, ಸುಡಲ್ವಾ?" ಎಂದ ತಮ್ಲಾ. ಇಲ್ಲ ಎಂದ ಲೇರ್ತೂ. ತಮ್ಲಾ ಒಲೆಯ ಕಡೆ ನೋಡಿದ, ಕಪ್ಪು ಕುಪ್ಪಸ ಕಂಡಿತು. ಆಮೇಲೆ ಅವನು ಕೆಣಕಲಿಲ್ಲ. ತನ್ನ ಬಟ್ಟಲಿನ ಮಾಂಸದ ತುಂಡನ್ನು ತೆಗೆದು ಗೆಳೆಯನ ಗಂಜಿಗೆ ಹಾಕಿದ.

ಜೇಬಿನಲ್ಲಿ ಕೀಲಿಕೈ ಹುಡುಕುವವನ ಹಾಗೆ ಲೇರ್ತೂ ತನ್ನೊಳಗೆ ದುಃಖವನ್ನು ಹುಡುಕಿದ. ಸಿಗಲಿಲ್ಲ. ಹೋದ ಮಳೆಗಾಲದಲ್ಲಿ ಒಂದೇ ವಾರ ಐದು ಜನರನ್ನು ಮಣ್ಣು ಮಾಡಿದಾಗಲೂ ಹೀಗೇ ಆಗಿತ್ತು. ಬಾಯಿಂದ ಬಾಯಿಗೆ ದಾಟಿ ಅಮ್ಮ ಹೋದ ಸುದ್ದಿ ಬಂದಾಗ ಅವನು ಬಂದೂಕು ಒರೆಸುತ್ತಿದ್ದ; ಒರೆಸುವುದನ್ನು ಮುಗಿಸಿ ಎದ್ದಿದ್ದ. ಇವಳಾದರೂ ನೋಯಿಸಿಯಾಳು ಎಂದುಕೊಂಡಿದ್ದನೇನೋ. ಗಂಜಿಗೆ ಉಪ್ಪು ಸರಿಯಾಗಿದೆ ಎಂಬುದಷ್ಟೇ ತಿಳಿಯುತ್ತಿತ್ತು.

ಹಾಡು ಶುರುವಾಯಿತು. ಸೈನಿಕರೂ ಊರವರೂ ಸೇರಿ ಮೆಲ್ಲಗೆ, ಜೋಗುಳ ಹಾಡುವಷ್ಟೇ ದನಿಯಲ್ಲಿ ಹಾಡಿದರು. ಮುಂದಿನ ಸಾಲಿನಲ್ಲಿ ಪಾದ್ರಿಯ ಮಗಳು ದೊಗಲೆ ಕುಪ್ಪಸದ ತೋಳನ್ನು ಮತ್ತೆ ಮತ್ತೆ ಮೇಲೇರಿಸಿಕೊಳ್ಳುತ್ತಿದ್ದಳು. ಲೇರ್ತೂ ನೋಡಿದ, ಆದರೆ ಅದು ತಲೆಗೆ ಹೋಗಲಿಲ್ಲ. ಅವನ ಬಾಯಿ ಹಾಡುತ್ತಿತ್ತು.

ಪ್ರಾರ್ಥನೆ ಮುಗಿದಾಗ ಮರಗಳ ತುದಿ ಕಾಣತೊಡಗಿತ್ತು. ಇನ್ನು ಅರ್ಧ ಗಂಟೆ ಎಂದರು ತುಕಡಿಯ ನಾಯಕರು. ಅವರನ್ನು ಎಲ್ಲರೂ ಪಾತೀ, ಎಂದರೆ ಮಾವ ಎಂದೇ ಕರೆಯುತ್ತಿದ್ದರು. ಲೇರ್ತೂ ಬಟ್ಟಲು ತೊಳೆಯಲು ತೊರೆಗೆ ಇಳಿದ. ಹಿಂದೆಯೇ ಸೌಟು, ಪಾತ್ರೆಗಳನ್ನು ಹೊತ್ತು ಪೋಶೀ ಬಂದಳು. ಅವನಿಗಿಂತ ಮೇಲಿನ ಕಲ್ಲಿನ ಮೇಲೆ ಕೂತು, ಪಾತ್ರೆಗಳನ್ನು ಬೇಕಿದ್ದಕ್ಕಿಂತ ಜೋರಾಗಿಯೇ ಉಜ್ಜಿದಳು.

"ಮೂರು ವರ್ಷ ಆಯ್ತು," ಎಂದಳು ಕೊನೆಗೆ. "ಗಂಜಿ ಕುಡ್ದೆ, ಬಟ್ಲು ತೊಳ್ದೆ. ಇನ್ನು ಹೊರಡೋದೇನಾ?"

"ಊಟ ಮಾಡ್ಕೊಂಡು ಹೋಗು ಅಂತ ನೀನೇ ಹೇಳಿದ್ದೆ."

ಅವಳ ಕೈ ನಿಂತಿತು. ಅವನನ್ನು ನೋಡಿದಳು, ತನ್ನ ಕುಪ್ಪಸ ನೋಡಿಕೊಂಡಳು, ಮತ್ತೆ ಅವನನ್ನು ನೋಡಿದಳು. ಮೂರು ವರ್ಷದ ಹಿಂದಿನ ಆ ತುಟಿಯ ಕೊನೆ ಅಲುಗಿತು. ಆದರೆ ಕಣ್ಣಿನಲ್ಲಿದ್ದದ್ದು ನಗುವಲ್ಲ.

"ತ್ರಾ ಮಗಳನ್ನ ನೋಡಿದ್ಯಾ?" ಅಲ್ಲಿ ಪಾದ್ರಿಯನ್ನು ಎಲ್ಲರೂ ತ್ರಾ ಎಂದೇ ಕರೆಯುವುದು. "ಅವಳಿಗೆಷ್ಟು ವಯಸ್ಸಿರಬಹುದು?"

"ಒಂಬತ್ತು."

"ಹೋಗಿ ಕೇಳ್ಕೊಂಡು ಬಾ, ಅವಳ ಗಂಡ ಹೇಗಿದಾನೆ ಅಂತ."

ಲೇರ್ತೂ ಬಟ್ಟಲು ಹಿಡಿದುಕೊಂಡೇ ಕೂತ. ದೊಗಲೆ ತೋಳಿನ ಕಪ್ಪು ಕುಪ್ಪಸ ಈಗ ಕಣ್ಣ ಮುಂದೆ ಬಂತು. ಇಡೀ ಸಭೆಯಲ್ಲಿ ಒಂದಾದರೂ ಬಿಳಿ ಅಂಗಿ ಇತ್ತೇ? ಇರಲಿಲ್ಲ.

ಅವಳು ಪಾತ್ರೆ ಉಜ್ಜುತ್ತಲೇ ಹೇಳಿದಳು. ಎರಡು ವರ್ಷದ ಹಿಂದೆ ಸಂತೆಯ ದಾರಿಯ ತಪಾಸಣೆ ಗೇಟಿನಲ್ಲಿ ಎದುರು ಪಡೆಯವರು ಮೂಟೆ ಹೊರಿಸಲು ಜನ ಹಿಡಿದರಂತೆ. ಕಪ್ಪು ಕುಪ್ಪಸದವರನ್ನು ಬಿಟ್ಟು ಬಿಳಿ ಅಂಗಿಯವರನ್ನೇ ಆರಿಸಿದರಂತೆ. ಹೋದ ಇಬ್ಬರು ಹುಡುಗಿಯರು ತಿರುಗಿ ಬರಲಿಲ್ಲ. ಅದೇ ವಾರ ಹೆಂಗಸರೆಲ್ಲ ಸೇರಿ, ಇವತ್ತು ಗಂಜಿ ಬೇಯಿಸಿದ ಇದೇ ಹಂಡೆಯಲ್ಲಿ ಮರದ ತೊಗಟೆ ಕುದಿಸಿ, ಊರಿನ ಬಿಳಿ ಅಂಗಿಗಳನ್ನೆಲ್ಲ ಅದ್ದಿ ಕಪ್ಪು ಮಾಡಿದರು. ಆಮೇಲೆ ಕತ್ತರಿಸಿ ಕುಪ್ಪಸ ಹೊಲಿದರು. ಅವಳ ಮೈಮೇಲಿದ್ದದ್ದು ಅವತ್ತು ಮಗ್ಗದಲ್ಲಿದ್ದ ಬಟ್ಟೆಯೇ.

"ಬಟ್ಟೆಗೆ ಮದುವೆ ಆಗಿ ಎರಡು ವರ್ಷ ಆಯ್ತು," ಎಂದಳು ಪೋಶೀ. "ನಾನೊಬ್ಬಳೇ ಬಾಕಿ."

ಈಗ ಸಂತೋಷವಾಗಬೇಕಿತ್ತು. ಲೇರ್ತೂ ಕಾದ. ತೊರೆಯ ಸದ್ದಷ್ಟೇ ಕೇಳಿಸಿತು. ಸುಳ್ಳು ನಗು ನಕ್ಕು ಇವಳನ್ನು ಕೇಳಿಬಿಡಬಹುದಿತ್ತು. ತಮ್ಲಾನ ಮುಂದೆ ನಗುವ ಹಾಗೆ. ಇವಳ ಮುಂದೆ ಆಗಲಿಲ್ಲ.

"ಪೋಶೀ, ನನಗೆ ಏನೂ ಅನ್ನಿಸ್ತಾ ಇಲ್ಲ," ಎಂದ. "ಅಮ್ಮ ಹೋದಾಗ್ಲೂ ಅನ್ನಿಸ್ಲಿಲ್ಲ. ನಿನ್ನ ಈ ಬಟ್ಟೇಲಿ ನೋಡಿದಾಗ್ಲೂ ಇಲ್ಲ. ಈಗ್ಲೂ ಇಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿದೆ. ಇಂಥವನು ಯಾವ ಮುಖ ಇಟ್ಕೊಂಡು ಕೇಳ್ಬೇಕು?"

ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಕಲ್ಲಿನಿಂದ ಇಳಿದು ಬಂದು ಬಟ್ಟಲು ಕಿತ್ತುಕೊಂಡು ಅವನ ಅಂಗೈ ಬಿಡಿಸಿದಳು. ಅಂಗೈಯ ಉದ್ದಕ್ಕೂ ಬಟ್ಟಲಿನ ತಳದ ಆಕಾರಕ್ಕೆ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು.

"ಇದು ಯಾವಾಗ ಆಯ್ತು?"

ಅವನೂ ಈಗಲೇ ನೋಡಿದ್ದು. ಸ್ವಲ್ಪ ಹೊತ್ತು ಯೋಚಿಸಬೇಕಾಯಿತು.

"ನಿನ್ನ ನೋಡಿದಾಗ," ಎಂದ.

ಪೋಶೀ ಅವನ ಕೈಯನ್ನು ತೊರೆಯ ನೀರಿನಲ್ಲಿ ಅದ್ದಿ ಹಿಡಿದುಕೊಂಡಳು. ಬಹಳ ಹೊತ್ತು ಹಿಡಿದುಕೊಂಡಳು. ಅವಳ ತಲೆ ಬಗ್ಗಿತ್ತು. ಅಳುತ್ತಿದ್ದಾಳೆಂದು ಅವನಿಗೆ ತಿಳಿದದ್ದು ಭುಜದಿಂದ. ಆಮೇಲೆ ಕುಪ್ಪಸದ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು. ಹಳೆಯ ಅಂಗಿಯ ದಪ್ಪ ಮಡಿಕೆಯೊಳಗೆ ಬಣ್ಣ ಇಳಿದಿರಲಿಲ್ಲ. ಎರಡು ಬೆರಳಗಲದ ಪಟ್ಟಿ ಬಂತು, ಮಗ್ಗದಿಂದ ಇಳಿಸಿದಷ್ಟೇ ಬೆಳ್ಳಗೆ. ಅದನ್ನು ಅವನ ಅಂಗೈಗೆ ಸುತ್ತಿ ಗಂಟು ಹಾಕಿದಳು.

"ಈಗ ಕೇಳ್ಲಾ?" ಎಂದ ಲೇರ್ತೂ.

"ನಾನು ಬಿಳಿಯಲ್ಲಿಲ್ಲವಲ್ಲ."

ಅವನು ಅಂಗೈ ತೋರಿಸಿದ.

ಈ ಸಲ ತುಟಿಯ ಎರಡೂ ಕೊನೆ ನಕ್ಕವು. ಅವನು ಕೇಳಿದ. ಅವಳು ಹೂಂ ಎಂದಳು. ಜನವರಿಯ ಮಂಜು ಮುಗಿಯುವುದರೊಳಗೆ ಬರಬೇಕು, ಆಮೇಲೆ ಮದುವೆಯ ಒಲೆ ಹಚ್ಚಲು ಮರೆಯಿಲ್ಲ ಎಂದಳು. ಪಾತೀಯನ್ನು ಇವತ್ತೇ ರಜೆ ಕೇಳುತ್ತೇನೆ ಎಂದ. ಬಾರದಿದ್ದರೆ ಎಂದು ಇಬ್ಬರೂ ಕೇಳಲಿಲ್ಲ.

ಮೇಲೆ ಸೀಟಿ ಕೇಳಿಸಿತು. ಬಿಸಿಲು ಬಿದಿರ ಮೆಳೆಗೆ ತಾಗುತ್ತಿತ್ತು. ಹೆಂಗಸರು ಒಲೆಗೆ ನೀರು ಸುರಿಯುತ್ತಿದ್ದರು. ಬಿಳಿ ಕಂಡರೆ ಡ್ರೋನಿನ ಕಣ್ಣು ಬಿಡುವುದಿಲ್ಲ, ಮುಷ್ಟಿ ಮುಚ್ಚಿಕೋ ಎಂದಳು ಪೋಶೀ, ಆಜ್ಞೆ ಕೊಡುವವಳ ಹಾಗೆ. ಅವನು ಮುಚ್ಚಿಕೊಂಡ. ತಿರುಗಿ ನೋಡಿದಾಗ ಅವಳು ಕಪ್ಪು ಕುಪ್ಪಸದ ಹರಿದ ಅಂಚನ್ನು ಒಳಗೆ ಮಡಚಿಕೊಳ್ಳುತ್ತಿದ್ದಳು.

ಮುಷ್ಟಿ ಬಿಚ್ಚದೆ ಅವನು ಎರಡು ಬೆಟ್ಟ ಹತ್ತಿ ಇಳಿದ. ಮೂರನೆಯದನ್ನು ಹತ್ತುವಾಗ ಮಧ್ಯಾಹ್ನವಾಗಿತ್ತು. ಆಗ ಅಂಗೈ ಮೊದಲು ಚುರುಗುಟ್ಟಿತು, ಆಮೇಲೆ ಉರಿಯಿತು, ಆಮೇಲೆ ಮೊಣಕೈಯವರೆಗೆ ನೋವು ಏರಿತು. ಲೇರ್ತೂ ದಾರಿಯ ಮಧ್ಯೆ ನಿಂತುಬಿಟ್ಟ. ಕಣ್ಣಿಂದ ನೀರು ಇಳಿಯುತ್ತಿತ್ತು, ಅಮ್ಮನಿಗಾಗಿಯೋ, ಆ ಐವರಿಗಾಗಿಯೋ, ಯಾರಿಗೆ ಗೊತ್ತು.

ಏನಾಯಿತೋ ಎಂದು ತಮ್ಲಾ ಗಾಬರಿಯಿಂದ ಹಿಂದಕ್ಕೆ ಬಂದ.

"ಕೈ ನೋಯ್ತಾ ಇದೆ ಕಣೋ," ಎಂದ ಲೇರ್ತೂ. ಅವನ ದನಿಯಲ್ಲಿ ಸಂತೋಷವಿತ್ತು.