ವಿಮಾನ ಕದ್ದ ಮುದುಕ

ಎಲ್ಬರ್ಟ್ ಸ್ಟ್ರೌಡ್‌ಗೆ ಸ್ವಂತ ವಿಮಾನ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ವಿಮಾನವನ್ನು ತಲೆಕೆಳಗು ಮಾಡಿ ಹಾರಿಸಿದರೂ ನಡುಗದ ಕೈ ಇತ್ತು. ಮೊದಲ ಮಹಾಯುದ್ಧ ಮುಗಿಸಿ ಬರುವಾಗ ಸೈನ್ಯಕ್ಕೆ ಹಿಂದಿರುಗಿಸದೆ ಉಳಿಸಿಕೊಂಡ ಚರ್ಮದ ಕೋಟಿತ್ತು. ನೆಬ್ರಾಸ್ಕಾ ರಾಜ್ಯದ ಯಾವ ಹುಲ್ಲುಗಾವಲಿನಲ್ಲಿ ಇಳಿಯಬಹುದು, ಯಾವುದರಲ್ಲಿ ಇಳಿದರೆ ಚಕ್ರ ಬಿಲಕ್ಕೆ ಸಿಕ್ಕಿ ಮುರಿಯುತ್ತದೆ ಎಂಬುದು ಬಾಯಿಪಾಠವಾಗಿತ್ತು. ವಿಮಾನ ಮಾತ್ರ, ಹಾರಾಟದ ಆಟ ತೋರಿಸಿ ದುಡ್ಡು ಮಾಡುವ ರಾಸ್ ಮೆಕ್ವೇಡ್‌ನದು.

“ಎರಡು ಬೇಸಿಗೆ ನನ್ನ ಜೊತೆ ದುಡಿ. ಆಮೇಲೆ ವಿಮಾನದಲ್ಲಿ ಅರ್ಧ ನಿಂದು,” ಎಂದು ಮೆಕ್ವೇಡ್ ಒಮ್ಮೆ ಮಾತು ಕೊಟ್ಟಿದ್ದ. ಮೂರನೆಯ ಬೇಸಿಗೆಯ ಹೊತ್ತಿಗೆ ವಿಮಾನದ ಮೈಮೇಲೆ ಕೆಂಪು ಬಣ್ಣದಲ್ಲಿ ತನ್ನೊಬ್ಬನ ಹೆಸರು ಬರೆಸಿದ. ಎಲ್ಬರ್ಟ್ ಕೇಳಿದ್ದಕ್ಕೆ ನಕ್ಕ.

“ಅರ್ಧ ತಾನೆ? ಯಾವ ಅರ್ಧ ಬೇಕು ಹೇಳೋ. ಎಡ ರೆಕ್ಕೆನೋ, ಬಲ ರೆಕ್ಕೆನೋ?”

ರೆಕ್ಕೆಯ ಮೇಲೆ ನಡೆದು ತೋರಿಸುವ ಹುಡುಗಿ ಡೋವಿ ಕೂಡ ನಕ್ಕಳು. ಎಲ್ಬರ್ಟ್ ತಾನೂ ನಕ್ಕ. ಆ ನಗು ಮುಗಿಯುವ ಮೊದಲೇ ಅರ್ಧದ ಆಸೆ ಬಿಟ್ಟ. ಪೂರ್ತಿಯೇ ಬೇಕು ಎಂದುಕೊಂಡ.

ಕದಿಯುವುದು ಹೇಗೆಂದು ಅವನು ತಲೆ ಕೆಡಿಸಿಕೊಳ್ಳಬೇಕಾಗಿ ಬರಲಿಲ್ಲ. ಊರೂರಿನಲ್ಲಿ ಜನರೆದುರು ಅವನು ಮಾಡುತ್ತಿದ್ದುದೇ ಅದು.

ಆಟ ಹೀಗಿತ್ತು. ರೇಷ್ಮೆ ಕುತ್ತಿಗೆವಸ್ತ್ರ ಸುತ್ತಿಕೊಂಡ ಮೆಕ್ವೇಡ್, ಎಂಜಿನ್ ಓಡುತ್ತಿರುವ ವಿಮಾನದ ಪಕ್ಕ ನಿಂತು ಭಾಷಣ ಬಿಗಿಯುತ್ತಾನೆ. ಗುಂಪಿನೊಳಗಿಂದ ಹುಲ್ಲಿನ ಟೋಪಿಯ ಕುಡುಕ ಮುದುಕನೊಬ್ಬ ತೂರಾಡುತ್ತ ಬರುತ್ತಾನೆ. ಸರ್ಕಾರ ಹೆಂಡ ನಿಲ್ಲಿಸಿದ ಮೇಲೆ ಕುಡುಕನನ್ನು ನೋಡುವುದೇ ಜನಕ್ಕೊಂದು ಸುಖ. ಅವನ ಕೈಯ ಬಾಟಲಿಯಲ್ಲಿರುವುದು ತಣ್ಣಗಿನ ಚಹಾ. ಮುದುಕ ಮೆಲ್ಲಗೆ ವಿಮಾನ ಹತ್ತಿ, ಏನನ್ನೋ ಎಳೆದು, ಏನನ್ನೋ ತುಳಿದು, ಎದ್ದುಬಿದ್ದು ಆಕಾಶಕ್ಕೆ ಹೋಗುತ್ತಾನೆ. ಮೆಕ್ವೇಡ್ “ಕಳ್ಳ, ನನ್ನ ವಿಮಾನ, ಹಿಡೀರಿ” ಎಂದು ಕೂಗುತ್ತ ಹಿಂದೆ ಓಡುತ್ತಾನೆ. ವಿಮಾನ ಜನರ ತಲೆ ಸವರಿಕೊಂಡು ಒಂದು ಸುತ್ತು ಬರುತ್ತದೆ. ಊರಿನ ಪೊಲೀಸು ಮುಖ್ಯಸ್ಥ ಶೆರಿಫ್ ಪಿಸ್ತೂಲು ಎತ್ತಿ ಗುಂಡು ಹಾರಿಸುತ್ತಾನೆ. ಹೆಂಗಸರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುದುಕ ಮರಗಳ ಹಿಂದೆ ಮರೆಯಾಗಿ, ಎಲ್ಲರೂ ಸತ್ತನೆಂದುಕೊಳ್ಳುವಾಗ ಬಂದು ಬೆಣ್ಣೆಯ ಹಾಗೆ ಇಳಿದು, ಅಂಟಿಸಿದ ಗಡ್ಡ ಕಿತ್ತುಹಾಕಿ ಎಲ್ಬರ್ಟ್ ಆಗುತ್ತಾನೆ. ಚಪ್ಪಾಳೆಯಲ್ಲಿ ಮುಕ್ಕಾಲು ಮೆಕ್ವೇಡ್‌ಗೆ ಸಲ್ಲುತ್ತದೆ.

“ಒಂದಿನ ನಿಜವಾದ ಕಳ್ಳ ಬಂದು ಹೊತ್ಕೊಂಡು ಹೋದ್ರೆ, ನಾನು ಅರಚ್ಕೊಂಡೇ ಸಾಯ್ಬೇಕು,” ಎಂದು ಒಂದು ರಾತ್ರಿ ಊಟದ ಮುಂದೆ ಮೆಕ್ವೇಡನೇ ಹೇಳಿದ್ದ. “ಒಬ್ಬ ನನ್ಮಗನೂ ನಂಬಲ್ಲ.”

ಎಲ್ಬರ್ಟ್ ಇನ್ನೊಂದು ತುಂಡು ಮಾಂಸ ಬಡಿಸಿಕೊಂಡಿದ್ದ.

ವೆಲ್ಡನ್ ಎಂಬ ಊರನ್ನು ಅವನು ಆರಿಸಿಕೊಂಡ. ಸುತ್ತ ಎಲ್ಲೂ ಬೇರೆ ವಿಮಾನವಿಲ್ಲ, ಬೆನ್ನಟ್ಟುವವರಿಲ್ಲ. ದಕ್ಷಿಣಕ್ಕೆ ನದಿ ದಾಟಿದರೆ ಬೇರೆ ರಾಜ್ಯ, ಕಾನ್ಸಸ್, ಅದರಾಚೆ ಓಕ್ಲಹೋಮ. ಆ ಕಾಲದಲ್ಲಿ ವಿಮಾನಕ್ಕೆ ನಂಬರು ಇರಲಿಲ್ಲ, ಹಾರಿಸುವವನಿಗೆ ಪರವಾನಗಿ ಬೇಕಿರಲಿಲ್ಲ. ಮೆಕ್ವೇಡ್‌ನ ಹೆಸರಿನ ಮೇಲೆ ಹಸಿರು ಬಣ್ಣ ಬಳಿದರೆ ಅದು ಹೊಸ ವಿಮಾನ, ಎಲ್ಬರ್ಟ್ ಹೊಸ ಯಜಮಾನ. ಹಸಿರು ಬಣ್ಣದ ಡಬ್ಬಿ, ಕುಂಚ, ರಸ್ತೆಯ ನಕ್ಷೆ, ಎರಡು ಅಂಗಿ ತುಂಬಿದ ಸೂಟ್‌ಕೇಸು, ಎಲ್ಲವನ್ನೂ ನಸುಕಿನಲ್ಲೇ ಮುಂದಿನ ಸೀಟಿನಡಿ ಇಟ್ಟು ಕಂಬಳಿ ಮುಚ್ಚಿದ.

ಶೆರಿಫ್ ನೈಗಾರ್ಡ್‌ಗೆ ಪಾಠ ಹೇಳಿಕೊಡುವ ಕೆಲಸ ಹಿಂದಿನ ದಿನವೇ ಮುಗಿದಿತ್ತು. ದಪ್ಪ ಮೀಸೆಯ, ನಿಧಾನದ ಮನುಷ್ಯ.

“ನಾನು ತಲೆ ಮೇಲೆ ಬರುವಾಗ ಗುಂಡು ಹಾರಿಸ್ಬೇಕು, ಶೆರಿಫ್ರೇ,” ಎಂದ ಎಲ್ಬರ್ಟ್.

“ಆಕಾಶಕ್ಕಾ?”

“ಆಕಾಶಕ್ಕೆ ಯಾಕೆ? ನೇರ ವಿಮಾನದ ಮೂತಿಗೇ ಇಡಿ. ಹಿಂದಿನ ಸಾಲಿನವ್ರಿಗೂ ಕಾಣ್ಬೇಕು. ಹುಸಿ ತೋಟಾ, ಬರೀ ಸದ್ದು.”

ನೈಗಾರ್ಡ್ ಬೇಸರದ ಮುಖ ಮಾಡಿದ. “ಹೋದ ವರ್ಷ ಟರ್ಕಿ ಕೋಳಿ ಬಹುಮಾನವಿಟ್ಟ ಪಂದ್ಯದಲ್ಲಿ ಗುರಿ ಹೊಡೆದು ಗೆದ್ದವನು ಕಣಯ್ಯಾ ನಾನು. ನನ್ನ ಕೈಗೆ ಹುಸಿ ತೋಟಾ ಕೊಡ್ತೀಯ?”

“ನಾಳೆ ಊಟಕ್ಕೆ ಕೂತಾಗ ಬೆಲ್ಟ್ ಬಿಚ್ಚಿ ಡೇರೆಯ ಗೂಟಕ್ಕೆ ಹಾಕಿ. ನಿಮ್ಮ ತೋಟಾ ತೆಗೆದು ನಮ್ಮದು ತುಂಬೋದು ನನ್ನ ಕೆಲಸ. ಎಲ್ಲ ಊರಲ್ಲೂ ಹಂಗೇ. ನೀವು ತೆಗೆದು ನೋಡೋದೂ ಬೇಡ.”

“ನನ್ನ ಹೆಂಡ್ತಿ ಮುಂದಿನ ಸಾಲಲ್ಲಿರ್ತಾಳೆ,” ಎಂದ ನೈಗಾರ್ಡ್. “ಸದ್ದು ಜೋರಾಗಿರ್ಲಿ.”

ಎಲ್ಬರ್ಟ್‌ಗೆ ಉಳಿದದ್ದು ಒಂದೇ ಚಿಂತೆ, ಪೆಟ್ರೋಲು. ಆಟಕ್ಕೆ ವಿಮಾನ ಹಗುರವಿರಬೇಕೆಂದು ಮೆಕ್ವೇಡ್ ತೊಟ್ಟಿಯ ಕಾಲುಭಾಗ ಮಾತ್ರ ತುಂಬಿಸುತ್ತಿದ್ದ. ಅಷ್ಟರಲ್ಲಿ ನದಿಯನ್ನೂ ದಾಟಲಾಗದು. ಯಾರ ಕಣ್ಣಿಗೂ ಬೀಳದೆ ತುಂಬಲು ಇಡೀ ದಿನದಲ್ಲಿ ಒಂದೇ ಹೊತ್ತು ಸಿಗುತ್ತಿತ್ತು. ಮಧ್ಯಾಹ್ನ ಚರ್ಚಿನ ಹೆಂಗಸರು ಹುರಿದ ಕೋಳಿ, ಸೇಬು ತುಂಬಿ ಬೇಯಿಸಿದ ಪೈ ಬಡಿಸುವಾಗ ಊರಿಗೆ ಊರೇ ಡೇರೆಯೊಳಗೆ ಸೇರುತ್ತದೆ. ಅಂದು ಹಾಗೇ ಆಯಿತು. ಎಲ್ಬರ್ಟ್ ಊಟ ಬಿಟ್ಟು, ಬಿಸಿಲಲ್ಲಿ ಒಬ್ಬನೇ ಡಬ್ಬ ಎತ್ತಿ ಎತ್ತಿ ಸುರಿದ. ತೊಟ್ಟಿ ತುಂಬಿ ತುಳುಕಿತು. ಒಂದು ಹನಿಯನ್ನೂ ಹುಲ್ಲಿನ ಮೇಲೆ ಬಿಡದೆ ಒರೆಸಿದ. ಇಷ್ಟು ಅಚ್ಚುಕಟ್ಟಾದ ಕಳ್ಳತನ ನೆಬ್ರಾಸ್ಕಾದಲ್ಲಿ ನಡೆದಿರಲಾರದು ಎಂದು ಅವನಿಗೆ ಸಮಾಧಾನವಾಯಿತು.

ಆಟಕ್ಕೆ ಮುಂಚೆ ಡೋವಿ ಅವನಿಗೆ ಗಡ್ಡ ಅಂಟಿಸಿದಳು.

“ಏನ್ ತಾತಾ, ಇಷ್ಟು ಬೆವರ್ತಿದೀಯ?”

“ಬಿಸಿಲು ಕಣೇ.”

“ಊಟಕ್ಕೂ ಬರ್ಲಿಲ್ಲ. ಪೈ ಎಲ್ಲಾ ಆ ಶೆರಿಫೇ ಮುಗಿಸ್ದ.” ಅವಳು ಮುದುಕನ ಅಂಗಿಯ ಜೇಬು ತಟ್ಟಿದಳು. “ಏನಿದು ಗಲಗಲ?”

“ಉದುರಿದ ಹಲ್ಲು. ತಾತ ಅಲ್ವಾ?” ಎಂದ ಎಲ್ಬರ್ಟ್, ದಕ್ಷಿಣದ ಆಕಾಶ ನೋಡುತ್ತ. ಗಾಳಿ ಅನುಕೂಲವಾಗಿತ್ತು.

ಎಲ್ಲವೂ ಬರೆದಿಟ್ಟ ಹಾಗೆ ನಡೆಯಿತು. ಅವನು ತೂರಾಡಿದ, ಜನ ನಕ್ಕರು. ವಿಮಾನ ಹತ್ತುವಾಗ ಬೇಕೆಂದೇ ಒಮ್ಮೆ ಜಾರಿ ಬಿದ್ದ, ಇನ್ನೂ ನಕ್ಕರು. ಎಂಜಿನ್ ಗುಡುಗಿತು, ಹುಲ್ಲು ಮಲಗಿತು, ಮೆಕ್ವೇಡ್ ಓಡಿ ಬಂದ.

“ಕಳ್ಳ, ನನ್ನ ವಿಮಾನ, ಹಿಡೀರಿ.”

ಮೂರು ಬೇಸಿಗೆಯಲ್ಲಿ ಆ ಮನುಷ್ಯ ಆಡಿದ ಮೊದಲ ನಿಜ ಅದು. ಆಡಿದವನಿಗೇ ಗೊತ್ತಿಲ್ಲ. ಎಲ್ಬರ್ಟ್‌ಗೆ ನಗು ತಡೆಯಲಾಗಲಿಲ್ಲ. ಗಡ್ಡ ಒಂದು ಕಡೆ ಕಿತ್ತುಬಂತು.

ನೇರ ದಕ್ಷಿಣಕ್ಕೆ ಹೋಗಬಹುದಿತ್ತು. ಆದರೆ ಸುತ್ತು ಬರದೆ ಹೋದರೆ ಮೆಕ್ವೇಡ್‌ಗೆ ಅನುಮಾನ ಬರುತ್ತದೆ, ತಂತಿ ಕಳಿಸುತ್ತಾನೆ. ಸುತ್ತು ಬಂದು ಮರಗಳ ಹಿಂದೆ ಮರೆಯಾದರೆ, ಅವನಿಗೆ ಕಸಿವಿಸಿ ಶುರುವಾಗುವಷ್ಟರಲ್ಲಿ ತಾನು ನದಿಯಾಚೆ ಇರುತ್ತೇನೆ. ಎಲ್ಬರ್ಟ್ ವಿಮಾನ ತಿರುಗಿಸಿ ಜನರತ್ತ ತಂದ, ಮರಗಳೆತ್ತರಕ್ಕೂ ಕೆಳಗೆ. ಎದುರಿಗೆ ನೈಗಾರ್ಡ್ ಕಾಲಗಲಿಸಿ ನಿಂತಿದ್ದ. ಪಾಠ ಚೆನ್ನಾಗಿ ಕಲಿತಿದ್ದ. ಒಂದು ಕಣ್ಣು ಮುಚ್ಚಿ, ಮೂತಿಗೇ ಗುರಿ ಇಟ್ಟು, ಆರೂ ತೋಟಾಗಳನ್ನು ಅವಸರವಿಲ್ಲದೆ ಒಂದೊಂದಾಗಿ ಹಾರಿಸಿದ. ಸದ್ದು ಜೋರಾಗಿಯೇ ಇತ್ತು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಎಲ್ಬರ್ಟ್ ಹುಲ್ಲಿನ ಟೋಪಿ ಎತ್ತಿ ಅವಳಿಗೆ ಬೀಸಿದ. ಗಾಳಿ ಅದನ್ನು ಕಿತ್ತುಕೊಂಡು ಹೋಯಿತು. ಹೋಗಲಿ, ಇನ್ನು ಅದರ ಕೆಲಸವಿಲ್ಲ ಎಂದುಕೊಂಡು, ಹಾರಾಟದ ಕನ್ನಡಕ ಏರಿಸಿಕೊಂಡು, ಮರಗಳ ಮೇಲೆ ಹಾರಿ ದಕ್ಷಿಣಕ್ಕೆ ತಿರುಗಿದ.

ನದಿ ಕಣ್ಣಿಗೆ ಬೀಳುವ ಮೊದಲೇ ಕನ್ನಡಕದ ಮೇಲೆ ಹನಿ ಬಿತ್ತು. ಮೋಡವಿರಲಿಲ್ಲ. ಹನಿ ಬಿಸಿಯಾಗಿತ್ತು. ಮುಂದೆ, ಎಂಜಿನ್ ತಣಿಸುವ ನೀರಿನ ಪೆಟ್ಟಿಗೆಯಿಂದ ಹಬೆ ಏಳುತ್ತಿತ್ತು. ಕನ್ನಡಕ ಒರೆಸಲು ಕರವಸ್ತ್ರಕ್ಕೆಂದು ಮುದುಕನ ಜೇಬಿಗೆ ಕೈ ಹಾಕಿದರೆ ತಂಬಾಕಿನ ಡಬ್ಬಿಯೊಂದು ಸಿಕ್ಕಿ ಗಲಗಲ ಎಂದಿತು. ಮುಚ್ಚಳ ತೆಗೆಯಬೇಕಾಗಿರಲಿಲ್ಲ. ಪ್ರತಿ ಊರಿನಲ್ಲೂ, ಊಟದ ಹೊತ್ತಿಗೆ, ಆ ಡಬ್ಬಿ ಹಿಡಿದು ಡೇರೆಯ ಗೂಟದ ಹತ್ತಿರ ಹೋಗುವುದು ಅವನ ಕೆಲಸ. ಇಂದು ಆ ಹೊತ್ತಿನಲ್ಲಿ ಅವನು ಪೆಟ್ರೋಲು ಸುರಿಯುತ್ತಿದ್ದ. ಎಂಜಿನ್ ಎರಡು ಸಲ ಕೆಮ್ಮಿ ಕಚ್ಚಿಕೊಂಡಿತು. ಕೆಳಗೆ ಬರೀ ಜೋಳದ ಹೊಲ, ನಡುವೆ ಒಂದು ಹಂದಿದೊಡ್ಡಿ. ಎಲ್ಬರ್ಟ್‌ನ ಕೈ ನಡುಗಲಿಲ್ಲ, ಆದರೆ ದೊಡ್ಡಿಯ ಬೇಲಿ ಅವನ ಮಾತು ಕೇಳಲಿಲ್ಲ. ಹೊಗೆ ಕಂಡು ಮೆಕ್ವೇಡ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ ನೈಗಾರ್ಡ್, ಒಡೆದು ಬಿದ್ದ ಸೂಟ್‌ಕೇಸನ್ನೂ ನಕ್ಷೆಯನ್ನೂ ನೋಡಿದ, ತಲೆಯಿಂದ ಕಾಲಿನವರೆಗೆ ಹಸಿರಾಗಿ ಕೂತಿದ್ದ ಮುದುಕನನ್ನು ನೋಡಿದ, ಸೊಂಟದಿಂದ ಕೈಕೋಳ ತೆಗೆದ. ಹೋದದ್ದು ವಿಮಾನ ಒಂದು, ಹಂದಿ ಎರಡು, ಮುಂದಿನ ಹಲ್ಲು ಮೂರು, ಹುಲ್ಲಿನ ಟೋಪಿ ಒಂದು. ಡಬ್ಬಿಯಲ್ಲಿದ್ದ ಹುಸಿ ತೋಟಾಗಳಲ್ಲಿ ಒಂದೂ ಹೋಗಿರಲಿಲ್ಲ.